ಗ್ರೈಂಡರ್ ಮುಂದಿನ ಮಣೆ

ಅಡಿಗೆ ಭಟ್ಟರು ಗ್ರೈಂಡರಿಗೆ ಕೈ ಹಾಕುವ ಮೊದಲು ಒಂದು ಮರದ ಮಣೆಯನ್ನು ಕಾಲಿನಿಂದಲೇ ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತರು. ನಾನು ಬಾಗಿಲಾಚೆಯಿಂದ ನೋಡುತ್ತಿದ್ದೆ. ದೇವಸ್ಥಾನದ ಅಡಿಗೆಮನೆ, ನೂರೆಂಟು ಕ್ರಮಗಳಿರುತ್ತವೆ, ಇದೂ ಒಂದಿರಬೇಕು ಅಂದುಕೊಂಡೆ. ಆಮೇಲೆ ಕಾಯಿ ತುರಿಯುವ ಅಮ್ಮ ಬಂದರು. ಅವರೂ ಹಾಗೆಯೇ, ಯಾರನ್ನೋ ಬೈಯುತ್ತಾ ಮಣೆ ಹತ್ತಿ, ಹಿಟ್ಟು ಬಾಚಿ, ಇಳಿದು ಹೋದರು. ಆಗ ಏನೋ ಸರಿಯಿಲ್ಲ ಅನ್ನಿಸಿತು.

"ಎಂತಕ್ಕೆ ಭಟ್ರೇ ಆ ಮಣೆ?"

"ಅದಾ? ಬರಿಗಾಲಲ್ಲಿ ಮುಟ್ಟಿದ್ರೆ ಸ್ವಲ್ಪ ಜುಂ ಅಂತದೆ ಮಾರಾಯ. ಮಣೆ ಮೇಲೆ ನಿಂತ್ರೆ ಎಂತದೂ ಇಲ್ಲ."

"ಯಾವಾಗಿಂದ?"

"ಯಾರಿಗೆ ನೆನಪದೆ. ಹೋದ ಮಳೆಗಾಲ ಇರ್ಬೇಕು."

ಅಷ್ಟು ದಿನದಿಂದ ಈ ಜನ ದಿನಾ ಕರೆಂಟಿನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಾರೆ, ಮತ್ತೆ ಅದನ್ನು ಹೇಳುವ ಧಾಟಿಯೋ, ಪಕ್ಕದ ಮನೆ ನಾಯಿ ಸ್ವಲ್ಪ ಬೊಗಳುತ್ತದೆ ಅಂದ ಹಾಗೆ.

ನಾನು ವೈರಿಂಗ್ ಕೆಲಸದವನು. ಮನೆ ಶೆಟ್ಟಿಕೊಪ್ಪ, ಅಂಗಡಿ ಕೊಪ್ಪದಲ್ಲಿ. ಆ ದಿನ ಬಂದದ್ದು ಊಟದ ಹಾಲಿನ ಟ್ಯೂಬ್‌ಲೈಟ್ ನೋಡಲಿಕ್ಕೆ. ಊರಿನ ಹೆಸರು ಬೇಡ. ಕೊಪ್ಪದಿಂದ ಶೃಂಗೇರಿಗೆ ಹೋಗುವಾಗ ಒಳಗೆ ತಿರುಗಬೇಕು ಅಂದರೆ ಸಾಕು. ದೇವಸ್ಥಾನ ಚಿಕ್ಕದು, ಊಟದ ಮನೆ ದೊಡ್ಡದು. ಸುತ್ತಲಿನವರ ಮದುವೆ, ಮುಂಜಿ, ಸಮಾರಾಧನೆ ಎಲ್ಲ ಅಲ್ಲೇ ನಡೆಯುತ್ತದೆ.

ಟೆಸ್ಟರ್ ಹಿಡಿದು ಒಳಗೆ ನುಗ್ಗೋಣ ಅಂದರೆ ಅಡಿಗೆ ಇಳಿಯುವ ತನಕ ಒಳಗೆ ಮಡಿ. ಭಟ್ಟರ ಸ್ವಂತ ಅಳಿಯ ಬಂದರೂ ಹೊಸ್ತಿಲಾಚೆಯೇ ಕಾಫಿ. ಕೊನೆಯ ಪಂಕ್ತಿ ಎದ್ದ ಮೇಲೆ ಒಳಗೆ ಹೋಗಿ ಗ್ರೈಂಡರಿನ ಸ್ಟೀಲ್ ಮೈಗೆ ಟೆಸ್ಟರ್ ತಾಗಿಸಿದೆ. ಅದರ ಬಲ್ಬು ದೀಪಾವಳಿ ಹಣತೆಯ ಹಾಗೆ ಉರಿಯಿತು. ಮೀಟರಿನ ಒಂದು ಕಡ್ಡಿಯನ್ನು ಮಷೀನಿಗೆ, ಇನ್ನೊಂದನ್ನು ನೀರು ಹೋಗುವ ಮೋರಿಯ ಕಬ್ಬಿಣದ ಜಾಲರಿಗೆ ಇಟ್ಟೆ. ನೂರು ವೋಲ್ಟ್ ದಾಟಿ ನಿಂತಿತು.

ಇಂಥ ಮಷೀನು ನೀರಲ್ಲೇ ಬದುಕುವಂಥದ್ದು. ಮೋಟಾರಿನೊಳಗೆ ತೇವ ಹೋಗುವುದು, ಸ್ವಲ್ಪ ಕರೆಂಟು ಸೋರುವುದು ಇದ್ದದ್ದೇ. ಸೋರಿದ್ದು ಸುಮ್ಮನೆ ಭೂಮಿಗೆ ಇಳಿಯಲಿ ಅಂತಲೇ ಅರ್ತಿಂಗ್ ಇರುವುದು. ಆ ದಾರಿ ಕಡಿದಿದ್ದರೆ ಕರೆಂಟು ಮಷೀನಿನ ಮೈಮೇಲೆ ಕೂತು ಕಾಯುತ್ತದೆ, ಮುಟ್ಟಿದವರ ಮೈಯೊಳಗಿಂದ ಭೂಮಿಗೆ ಇಳಿಯುತ್ತದೆ. ಇಲ್ಲಿಯಂತೂ ನೆಲ ಸದಾ ಒದ್ದೆ. ಮಡಿ ಅಂದ ಮೇಲೆ ಉಟ್ಟದ್ದೂ ಒದ್ದೆ, ಕಾಲೂ ಬರಿಗಾಲು. ರಬ್ಬರ್ ಚಪ್ಪಲಿ ಹಾಕಿಕೊಳ್ಳಿ ಅಂದರೆ ಸೌಟು ತಗೊಂಡು ಅಟ್ಟಿಸಿಕೊಂಡು ಬರುತ್ತಾರೆ. ಕರೆಂಟಿಗೆ ಇದಕ್ಕಿಂತ ಒಳ್ಳೆ ಉಪಚಾರ ಇನ್ನೆಲ್ಲಿ ಸಿಗಬೇಕು?

ದೇವಸ್ಥಾನದ ಮ್ಯಾನೇಜರನ್ನು ಕರೆದು ಕೂಗಾಡಿದೆ. ಅವರು ಬಹಳ ಸಾಧು ಮನುಷ್ಯ, ಯಾವುದಕ್ಕೂ ಇಲ್ಲ ಅನ್ನುವವರಲ್ಲ. ಅದೇ ತೊಂದರೆ.

"ಮಾಡಿಸ್ಬಿಡೋಣ, ಮಾಡಿಸ್ಬಿಡೋಣ. ಎಂತ ಮಾಡ್ಬೇಕು ಹೇಳು," ಅಂದರು.

ಹೊಸ ಗುಂಡಿ ತೆಗೆದು ಪೈಪ್ ಇಳಿಸಿ ಅರ್ತಿಂಗ್ ಮಾಡಬೇಕು, ಕರೆಂಟು ಸೋರಿದ ಕೂಡಲೇ ತಾನಾಗಿ ಬೀಳುವ ಬ್ರೇಕರ್ ಹಾಕಬೇಕು, ಒಂದಿಡೀ ದಿನ ಲೈನ್ ಆಫ್ ಮಾಡಬೇಕು, ಅಲ್ಲಿಯವರೆಗೆ ಗ್ರೈಂಡರ್ ಮುಟ್ಟಕೂಡದು ಅಂದೆ.

"ಹಂಗಾದ್ರೆ ನಾಳಿನ ಮದುವೆಗೆ ಕಡುಬಿನ ಹಿಟ್ಟು ಯಾರು ಅರೆಯೋದು, ನೀನಾ?" ಅಂತ ಒಳಗಿಂದ ಅಮ್ಮ ಕೇಳಿದರು.

ಆ ಅಮ್ಮನ ಬಾಯಿಗೆ ಊರೇ ಹೆದರುತ್ತದೆ. ವಯಸ್ಸು ಎಪ್ಪತ್ತರ ಹತ್ತಿರ, ಕೈ ಮಾತ್ರ ಮಷೀನಿಗಿಂತ ಜೋರು. ನನಗೆ ತಲೆ ನರೆತಿದ್ದರೂ ಅವರ ಬಾಯಲ್ಲಿ 'ಕರೆಂಟಿನ ಮಾಣಿ'. ನಾನು ಮೆತ್ತಗಾದೆ. "ನಾಳೆ ಒಂದು ದಿನ ಸುಧಾರಿಸಿ. ಮಣೆ ಬಿಟ್ಟು ಮಾತ್ರ ಇಳೀಬೇಡಿ," ಅಂದೆ. ಹಿತ್ತಿಲ ಗೋಡೆಯಲ್ಲಿ ಅರ್ತಿಂಗ್ ವಯರು ಒಂದು ಕಬ್ಬಿಣದ ಪೈಪಿಗೆ ಸೇರಿತ್ತು. ನೆಲ ಒಣಗಿದರೆ ಅರ್ತಿಂಗ್ ಸೋಲುತ್ತದೆ, ಅದಕ್ಕೇ ಇರಬಹುದು ಅಂದುಕೊಂಡು, "ಸದ್ಯಕ್ಕೆ ಆ ಪೈಪಿನ ಬುಡಕ್ಕೆ ದಿನಾ ಒಂದು ಕೊಡ ನೀರು ಹಾಕಿ ಅಮ್ಮಾ," ಅಂತಲೂ ಹೇಳಿದೆ. ಏನೋ ಒಂದು ಮಾಡಿದ ಸಮಾಧಾನದಲ್ಲಿ ಬೈಕ್ ಹತ್ತಿದೆ.

ಮದುವೆ ಕಳೆದ ಮೇಲೆ ಟೂಲ್ ಬ್ಯಾಗ್ ಹಾಕಿಕೊಂಡು ಬೆಳಿಗ್ಗೆಯೇ ಹೋದೆ. ಗೇಟಿನಲ್ಲೇ ಮ್ಯಾನೇಜರ್ ಸಿಕ್ಕಿದರು.

"ಓ, ಬಂದ್ಯಾ! ಹೆಂಗೂ ಬಂದಿದ್ದೀಯಲ್ಲ, ಆ ಮೈಕ್ ಒಂದು ಗರ್ ಅಂತದೆ, ಒಂಚೂರು ನೋಡು ಮಾರಾಯ."

ನಮ್ಮ ಕಡೆ ಈ ಮಾತು ತಿಳಿಯದವರಿಲ್ಲ. ಬಡಗಿಯಾಗಲಿ, ಪ್ಲಂಬರ್ ಆಗಲಿ, ಕರೆಂಟಿನವನಾಗಲಿ ಕರೆದ ದಿನ ಸಿಗುವುದಿಲ್ಲ. ಗುಡ್ಡದಾಚೆ ಒಂದು ಮನೆ, ಹೊಳೆಯಾಚೆ ಒಂದು ಮನೆ. ಇಂದು ನೆಮ್ಮಾರಿನಲ್ಲಿ ಇದ್ದವನು ನಾಳೆ ನರಸಿಂಹರಾಜಪುರದಲ್ಲಿ. ಹಾಗಾಗಿ ಸಿಕ್ಕಿದವನನ್ನು ಬಿಡುವುದಿಲ್ಲ. ಹೆಂಗೂ ಬಂದಿದ್ದೀಯಲ್ಲ, ಮಿಕ್ಸಿ ನೋಡು. ಹೆಂಗೂ ಬಂದಿದ್ದೀಯಲ್ಲ, ಕಾಲಿಂಗ್ ಬೆಲ್ ನೋಡು. ತಪ್ಪೆಂದು ಹೇಳಲೂ ಆಗದು, ಅವರ ಕಷ್ಟ ಅವರಿಗೆ.

ಮೈಕ್ ಸರಿಯಾಯಿತು. ಅರ್ಚಕರು ಬಂದು ಮಂಗಳಾರತಿಗೆ ಗಂಟೆ ಜಾಗಟೆ ಬಾರಿಸುವ ಮಷೀನು ಅರ್ಧದಲ್ಲಿ ನಿಲ್ಲುತ್ತದೆ ಅಂದರು. ಅದೂ ಸರಿಯಾಯಿತು. ಪಂಪಿನ ಸ್ಟಾರ್ಟರು, ಆಫೀಸಿನ ಯುಪಿಎಸ್ಸು, ಯಾರದೋ ಫೋನಿನ ಚಾರ್ಜರು. ಅಷ್ಟರಲ್ಲಿ ಊಟಕ್ಕೆ ಕರೆದರು. ಹೋಳಿಗೆ ಮೇಲೆ ತುಪ್ಪ ಸುರಿದುಕೊಂಡು ಉಂಡ ಮೇಲೆ ಹಾರೆ ಎತ್ತುವ ಗಂಡಸು ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಮಡಿ ಬಿಡುವು ಕೊಟ್ಟು ಅಡಿಗೆಮನೆ ತೆರವಾಗುವಾಗ ಹೊತ್ತು ಇಳಿದಿತ್ತು.

"ಅರ್ತಿಂಗ್ ಎಲ್ಲಿಗೆ ಓಡಿಹೋಗ್ತದೆ? ನಾಳೆ ಮಾಡಿದ್ರಾಯ್ತು," ಅಂದರು ಭಟ್ಟರು. ಮನೆಗೆ ಬಂದು ಹೆಂಡತಿಯ ಹತ್ತಿರ, "ಇವತ್ತು ಸಿಕ್ಕಾಪಟ್ಟೆ ಕೆಲಸ," ಅಂದೆ. ಅದು ಸುಳ್ಳೂ ಆಗಿರಲಿಲ್ಲ.

ಇನ್ನೊಂದು ಸಲ ಬಾಳೆಹೊನ್ನೂರಿಗೆ ಹೋಗಿ ಸಾಮಾನೇ ತಂದುಬಿಟ್ಟೆ. ಎಂಟಡಿಯ ಜಿಐ ಪೈಪು, ಪಟ್ಟಿ, ಕ್ಲಾಂಪು, ಬ್ರೇಕರು. ಪೈಪನ್ನು ಹಿತ್ತಿಲಲ್ಲಿ ಎರಡು ಕಂಬಗಳ ಮೇಲೆ ಅಡ್ಡ ಇಟ್ಟು ಬಂದೆ. ಸಾಮಾನು ಬಂತು ಅಂದರೆ ಅರ್ಧ ಕೆಲಸ ಆದ ಹಾಗೆ ಅಂತ ಎಲ್ಲರೂ ಖುಷಿಪಟ್ಟರು, ನಾನೂ ಪಟ್ಟೆ. ಮುಂದಿನ ಸಲ ಹೋಗಿ ನೋಡಿದರೆ ಪೈಪಿನ ತುಂಬ ಸೀರೆ, ಪಂಚೆ. ಕೈ ಹಾಕಲಿಕ್ಕೆ ಹೋದೆ.

"ಹೇ! ಮುಟ್ಟಬೇಡ! ಮಡಿ ಬಟ್ಟೆ ಅದೆ!" ಅಂತ ಅಮ್ಮ ಕಿರುಚಿದರು.

"ಅಮ್ಮಾ, ಇದು ನನ್ನ ಅರ್ತಿಂಗ್ ಪೈಪು!"

"ಇರ್ಲಿ. ಬಿದಿರಿನ ಗಳ ಮುರಿದು ಹೋಗಿತ್ತು, ಇದು ಗಟ್ಟಿ ಅದೆ. ಒಣಗ್ಲಿ, ಆಮೇಲೆ ತಗೊಳ್ಳೋವಂತೆ."

ಮುಂಗಾರಿಗೆ ಮೊದಲ ಮೋಡದ ದಿನಗಳು ಅವು. ನಮ್ಮಲ್ಲಿ ಆಗ ಬಟ್ಟೆ ಒಣಗುವುದೆಂದರೆ ದೇವರಿಚ್ಛೆ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಯಾರ ಜೀವ ಉಳಿಸಲು ತಂದ ಪೈಪೋ ಅವರೇ ಅದನ್ನು ಮಡಿಗೆ ಸೇರಿಸಿ ನನ್ನ ಕೈಗೆ ಸಿಗದ ಹಾಗೆ ಮಾಡಿದ್ದರು. ಬೈಯಬೇಕಿತ್ತು. ನಗು ಬಂತು, ನಕ್ಕುಬಿಟ್ಟೆ. ಒಳಗೊಳಗೇ ಹಗುರವೂ ಆಯಿತು, ಆಗ ಅದು ನನಗೆ ಗೊತ್ತಾಗಲಿಲ್ಲ. ಆ ದಿನ ಆಫೀಸಿನ ಮೂರು ಪ್ಲಗ್ ಪಾಯಿಂಟ್ ಬದಲಾಯಿಸಿ ವಾಪಸ್ ಬಂದೆ.

ಹೀಗೆ ಒಂದರ ಮೇಲೊಂದು. ಅಮ್ಮ ಮಾತ್ರ ದಿನಾ ಬೆಳಿಗ್ಗೆ ತುಳಸಿಗೆ ಹಾಕುವಷ್ಟೇ ನಿಷ್ಠೆಯಿಂದ ಆ ಗೋಡೆಯ ಪೈಪಿಗೆ ನೀರು ಹಾಕುತ್ತಿದ್ದರು. "ನಿನ್ನ ದೇವರಿಗೆ ಅಭಿಷೇಕ ಆಯ್ತು," ಅಂತ ನನ್ನನ್ನು ನೋಡಿದಾಗಲೆಲ್ಲ ಹೇಳುವರು.

ಒಂದು ಮುಂಜಿಯ ದಿನ ನನ್ನನ್ನು ಕರೆದದ್ದು ದೇವಸ್ಥಾನದ ಮುಂದಿನ ಸೀರಿಯಲ್ ಸೆಟ್ ಉರಿಯುತ್ತಿಲ್ಲ ಅಂತ. ಹಗಲು ಹೊತ್ತಿನಲ್ಲಿ ಯಾರಿಗೆ ಬೇಕು ಸೀರಿಯಲ್ ಸೆಟ್ಟು? ಫೋಟೋದಲ್ಲಿ ಚೆನ್ನಾಗಿ ಬರುತ್ತದಂತೆ. ಏಣಿ ಹತ್ತಿ ಒಂದೊಂದೇ ಬಲ್ಬು ತಿರುಗಿಸಿ ನೋಡುತ್ತಿದ್ದೆ. ಒಳಗೆ ಮೊದಲ ಪಂಕ್ತಿ ಕೂತಿತ್ತು. ಅಷ್ಟರಲ್ಲಿ ಅಡಿಗೆಮನೆಯಿಂದ ಪಾತ್ರೆ ಉರುಳಿದ ಸದ್ದು, ಅದರ ಹಿಂದೆಯೇ ಭಟ್ಟರ ಕೂಗು. ಮಾತಿಲ್ಲದ ಕೂಗು.

ಏಣಿಯಿಂದ ಇಳಿದದ್ದು ನೆನಪಿಲ್ಲ. ಓಡಿದೆ. ಓಡಿಹೋದವನ ಕಾಲು, ಇದನ್ನು ಹೇಳಲೇಬೇಕು, ಹೊಸ್ತಿಲಲ್ಲಿ ನಿಂತುಬಿಟ್ಟಿತು. ಕಣ್ಣೆದುರಿಗೆ ಅಮ್ಮ ಗ್ರೈಂಡರಿನ ಅಂಚು ಹಿಡಿದು ಬಗ್ಗಿಕೊಂಡಿದ್ದಾರೆ, ಹಿಡಿದದ್ದನ್ನು ಬಿಡಲಾಗುತ್ತಿಲ್ಲ, ಬಾಯಿ ತೆರೆದಿದೆ, ಸ್ವರ ಇಲ್ಲ. ನನ್ನ ಕಾಲು ಮಾತ್ರ ಮಡಿ ನೆನಪು ಮಾಡಿಕೊಂಡು ನಿಂತಿದೆ! ಭಟ್ಟರು ಅವರನ್ನು ಎಳೆಯಲು ಕೈ ಚಾಚಿದರು.

"ಮುಟ್ಟಬೇಡಿ ಭಟ್ರೇ!" ಅಂತ ಅರಚಿ, ಬಾಗಿಲ ಪಕ್ಕದ ಬೋರ್ಡಿಗೆ ಹಾರಿ ಮೇನ್ ಕೆಳಗೆಳೆದೆ.

ಅಮ್ಮ ಗ್ರೈಂಡರಿನ ಬುಡದಲ್ಲಿ ಕುಸಿದು ಬಿದ್ದರು. ನಾನು ಚಪ್ಪಲಿ ಕಾಲಲ್ಲೇ ಒಳಗೆ ಹೋಗಿ ಅವರ ತಲೆ ಎತ್ತಿ ಹಿಡಿದೆ. ಉಸಿರಿತ್ತು. ಬೆರಳ ತುದಿಗಳು ಸುಟ್ಟು ಬಿಳುಚಿದ್ದವು. ಕಣ್ಣು ನನ್ನ ಕಡೆ ಇದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಅಂಥ ಕಣ್ಣನ್ನು ನಾನು ಅದುವರೆಗೆ ಕಂಡವನಲ್ಲ.

"ಮಣೆ ಎಲ್ಲಿ? ಮಣೆ ಎಲ್ಲಿ ಹೋಯ್ತು?"

ಭಟ್ಟರು ಊಟದ ಹಾಲಿನ ಕಡೆ ಕೈ ತೋರಿಸಿದರು. ಪಂಕ್ತಿಯ ತುದಿಯಲ್ಲಿ ಒಬ್ಬ ಹಿರಿಯ ವೈದಿಕರು ಅದೇ ಮಣೆಯ ಮೇಲೆ ಕೂತು, ತುತ್ತು ಕೈಯಲ್ಲಿ ಹಿಡಿದು, ಏನು ಗಲಾಟೆ ಅಂತ ನಮ್ಮ ಕಡೆ ನೋಡುತ್ತಿದ್ದರು.

"ಅವ್ರಿಗೆ ಮಂಡಿನೋವಂತೆ. ಒಂದು ಮಣೆ ಕಮ್ಮಿ ಬಿತ್ತು," ಅಂದರು ಭಟ್ಟರು. "ಎರಡನೇ ಪಂಕ್ತಿಗೆ ಚಟ್ನಿ ಸಾಲ್ದು ಅಂತ ಇವ್ರು ಗ್ರೈಂಡರ್ ಹಾಕಿದ್ರು. ನಾನೇ ಮಾರಾಯ... ನಾನೇ ಕೊಟ್ಟದ್ದು ಮಣೆ."

ಮಣೆ ಇರುವುದು ಕೂರಲಿಕ್ಕೆ. ಬಂದ ಹಿರಿಯರಿಗೆ ಮಣೆ ಕೊಡುವುದು ಮರ್ಯಾದೆ. ಅದನ್ನು ಅರ್ತಿಂಗ್ ಮಾಡಿಟ್ಟವರು ನಾವು.

ಅಮ್ಮನನ್ನು ಎತ್ತಿ ಜೀಪಿಗೆ ಹಾಕುವಷ್ಟರಲ್ಲಿ ಮ್ಯಾನೇಜರ್ ಓಡಿ ಬಂದರು. ಮುಖ ಬಿಳಿಚಿತ್ತು, ನಿಜವಾಗಿಯೂ ಹೆದರಿದ್ದರು. ಆದರೆ ಬಾಯಿಂದ ಬಂದ ಮಾತು ಕೇಳಿ ನಾನು ದಂಗಾಗಿ ಹೋದೆ. "ಅವ್ರನ್ನ ಕಳ್ಸಿ ಆಯ್ತಲ್ಲ, ಗ್ರೈಂಡರ್ ಒಂದು ಬಿಟ್ಟು ಉಳಿದದ್ದಕ್ಕೆ ಲೈನ್ ಕೊಡ್ತೀಯಾ? ಎರಡನೇ ಪಂಕ್ತಿ ಕೂರ್ಬೇಕು, ಫ್ಯಾನ್ ಇಲ್ದೆ ಜನ ಬೆವರ್ತಿದಾರೆ."

ನಾನು ಬೋರ್ಡಿನ ಹತ್ತಿರ ಹೋಗಿ ಫ್ಯೂಸಿನ ಕಟೌಟುಗಳನ್ನು ಒಂದೊಂದಾಗಿ ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಭಟ್ಟರ ಜೊತೆ ಜೀಪ್ ಹತ್ತಿದೆ. ಯೋಚಿಸಿ ಮಾಡಿದ್ದಲ್ಲ. ಕೈ ಮಾಡಿತು. ದಾರಿಯುದ್ದಕ್ಕೂ ಜೇಬಿನಲ್ಲಿ ಆ ಪಿಂಗಾಣಿ ತುಂಡುಗಳು ತೊಡೆಗೆ ಒತ್ತುತ್ತಿದ್ದವು.

ಕೊಪ್ಪದ ಆಸ್ಪತ್ರೆಯಲ್ಲಿ ಡಾಕ್ಟರು ಹೃದಯದ ಇಸಿಜಿ ತೆಗೆಸಿ ನೋಡಿ, ಬದುಕಿದ್ದಾರೆ, ಆದರೆ ಕೆಲವು ದಿನ ಇಲ್ಲೇ ಇರಲಿ ಅಂದರು. ಆಮೇಲೆ, "ಆ ಮಷೀನು ಯಾವಾಗಿಂದ ಹಾಗಿತ್ತು?" ಅಂತ ಕೇಳಿದರು. ಭಟ್ಟರು ನನ್ನನ್ನು ನೋಡಿದರು. ನಾನು ಭಟ್ಟರನ್ನು ನೋಡಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲೆಕ್ಕ ಹಾಕುತ್ತಾ ಹೋದೆ. ಸೋಮಾರಿಗಳು ಕೆಲಸ ಮುಂದೂಡುತ್ತಾರೆ ಅಂತ ಕೇಳಿದ್ದೆ. ನಾನು ಸೋಮಾರಿಯಲ್ಲ. ಹೋದ ಒಂದು ದಿನವೂ ಸುಮ್ಮನೆ ಕೂತವನಲ್ಲ, ಬೆವರು ಸುರಿಸಿಯೇ ಬಂದಿದ್ದೇನೆ. ಮೈಕಿನಿಂದ ಹಿಡಿದು ಸೀರಿಯಲ್ ಸೆಟ್ಟಿನವರೆಗೆ ಎಲ್ಲ ಮಾಡಿದ್ದೇನೆ, ಮಾಡಬೇಕಾದ ಒಂದನ್ನು ಬಿಟ್ಟು. ಮೈಕ್ ಸರಿಯಾದರೆ ಕೂಡಲೇ ಕೇಳುತ್ತದೆ, ಹತ್ತು ಜನ ಭೇಷ್ ಅನ್ನುತ್ತಾರೆ. ಅರ್ತಿಂಗ್ ಸರಿಯಾದರೆ ಏನೂ ಕೇಳುವುದಿಲ್ಲ, ಏನೂ ಕಾಣುವುದಿಲ್ಲ. ಅದಕ್ಕಾಗಿ ಗುಂಡಿ ತೋಡಬೇಕು, ಮಡಿಯವರ ಹತ್ತಿರ ಜಗಳ ಕಾಯಬೇಕು, ಒಂದು ಕಾರ್ಯಕ್ರಮ ನಿಲ್ಲಿಸಿ ಎಲ್ಲರ ಬಾಯಲ್ಲಿ ಕೆಟ್ಟವನಾಗಬೇಕು. ಆ ಜಗಳ ತಪ್ಪಿಸಿಕೊಳ್ಳಲು ನಾನು ಅಷ್ಟೂ ದಿನ ದುಡಿದಿದ್ದೆ.

ಮರುದಿನ ಟೂಲ್ ಬ್ಯಾಗನ್ನು ಅಂಗಡಿಯಲ್ಲೇ ಬಿಟ್ಟೆ. ಟೆಸ್ಟರ್ ಇಲ್ಲ, ಸ್ಕ್ರೂಡ್ರೈವರ್ ಇಲ್ಲ, ಏಣಿ ಇಲ್ಲ. ಹಾರೆ, ಗುದ್ದಲಿ, ಬುಟ್ಟಿ ಮಾತ್ರ ಬೈಕಿಗೆ ಕಟ್ಟಿಕೊಂಡು ಹಿತ್ತಿಲ ದಾರಿಯಿಂದ ಹೋದೆ. ಅರ್ಚಕರು ಕಂಡರು.

"ಹೆಂಗೂ ಬಂದಿದ್ದೀಯಲ್ಲ, ಆ ಜಾಗಟೆ ಮಷೀನು ಮೊನ್ನೆಯಿಂದ ಮತ್ತೆ..."

"ಸ್ಕ್ರೂಡ್ರೈವರೇ ತಂದಿಲ್ಲ ಅರ್ಚಕರೇ."

ಬಟ್ಟೆ ಇಲ್ಲದೆ ಬಂದವನನ್ನು ನೋಡಿದ ಹಾಗೆ ನೋಡಿ ಅವರು ಒಳಗೆ ಹೋದರು. ಇಷ್ಟು ಸುಲಭವಿತ್ತಾ ಇದು ಅಂತ ನನಗೇ ಆಶ್ಚರ್ಯವಾಯಿತು. ಹಾರೆ ಹಿಡಿದವನ ಹತ್ತಿರ ಯಾರೂ ಚಾರ್ಜರ್ ರಿಪೇರಿ ಕೇಳುವುದಿಲ್ಲ.

ಮ್ಯಾನೇಜರ್ ಕಟೌಟು ಕೇಳಲು ಬಂದರು. ರಾತ್ರಿಯೆಲ್ಲ ದೇವಸ್ಥಾನ ಕತ್ತಲೆ ಅಂದರು. ವಾರದ ಕೊನೆಗೆ ಇನ್ನೊಂದು ಮದುವೆ ಇದೆ ಅಂದರು. ನಾನು ಕೊಡದಿದ್ದಾಗ ಅವರಿಗೂ ಸಿಟ್ಟು ಬಂತು. "ಹಂಗಾದ್ರೆ ನಾನು ಬೇರೆಯವ್ರನ್ನ ಕರೆಸ್ತೇನೆ, ಶೃಂಗೇರಿಲಿ ಎಲೆಕ್ಟ್ರಿಷಿಯನ್ನರಿಗೆ ಬರಗಾಲವಾ?"

"ಕರೆಸಿ. ಬಂದವನಿಗೆ ಮೊದಲು ಅಮ್ಮನ ಬ್ಯಾಂಡೇಜು ತೋರ್ಸಿ, ಆಮೇಲೆ ಬೋರ್ಡು ತೋರ್ಸಿ."

ಅವರು ಸ್ವಲ್ಪ ತಗ್ಗಿದರು. "ಅಲ್ಲ ಮಾರಾಯ, ದೇವಸ್ಥಾನದ ಜಾಗ. ಅಗೆಯೋಕೆ ಒಂದು ದಿನ ನೋಡ್ಬೇಡ್ವಾ?"

ಇದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ. ಕರೆಂಟಿಲ್ಲದೆ ಕೆಲಸವಿಲ್ಲದೆ ಜಗಲಿಯಲ್ಲಿ ಕೂತಿದ್ದ ಭಟ್ಟರು ಎದ್ದು ಬಂದರು. "ನಿನ್ನೆ ದಿನ ನೋಡಿಯೇ ಮುಂಜಿ ಮಾಡಿದ್ದು. ಎಂತ ಆಯ್ತು ಕಂಡ್ರಲ್ಲ," ಅಂದರು. ಪಂಚೆ ಎತ್ತಿ ಕಟ್ಟಿ, ನನ್ನ ಕೈಯಿಂದ ಹಾರೆ ತಗೊಂಡರು.

ಮೊದಲು ಹಳೇ ಅರ್ತಿಂಗ್ ಯಾಕೆ ಸತ್ತಿದೆ ನೋಡೋಣ ಅಂತ ಗೋಡೆಯ ಪೈಪಿನ ಬುಡ ಅಗೆದೆವು. ದಿನಾ ನೀರು ಬಿದ್ದು ಅಲ್ಲಿ ಮಣ್ಣು ಬೆಣ್ಣೆಯಾಗಿತ್ತು. ನಾಲ್ಕು ಗುದ್ದಲಿ ಹಾಕುವಷ್ಟರಲ್ಲಿ ಕಬ್ಬಿಣದ ಪೈಪು ಮುಗಿಯಿತು. ಅದರ ಬಾಯಿಗೆ ಬಿಳಿ ಪಿವಿಸಿ ಪೈಪು ಸಿಕ್ಕಿಸಿತ್ತು.

ನಾನು ಮಣ್ಣಿನಲ್ಲೇ ಕೂತುಬಿಟ್ಟೆ. ಯಾವ ಕಾಲದಲ್ಲೋ ಬಾವಿಯ ಪಂಪಿನ ಕಬ್ಬಿಣದ ಪೈಪಿಗೆ ಅರ್ತಿಂಗ್ ಕಟ್ಟಿದ್ದರು. ಆಮೇಲೆ ಯಾರೋ ತುಕ್ಕು ಹಿಡಿದ ಪೈಪು ತೆಗೆದು ಪ್ಲಾಸ್ಟಿಕ್ ಹಾಕಿ, ಗೋಡೆಯಲ್ಲಿದ್ದ ಮೊಳದುದ್ದದ ತುಂಡನ್ನು ಹಾಗೇ ಬಿಟ್ಟಿದ್ದರು. ಹೊರಗಿಂದ ನೋಡಿದರೆ ವಯರು, ಕ್ಲಾಂಪು, ಬೋಲ್ಟು ಎಲ್ಲ ಸರಿ. ಪ್ಲಾಸ್ಟಿಕ್ಕಿನೊಳಗೆ ಕರೆಂಟು ಹೋಗುತ್ತದೆಯೇ?

"ಅಂದ್ರೆ ಇದು ಎಲ್ಲಿಗೂ ಹೋಗ್ತಾ ಇರ್ಲಿಲ್ವಾ?" ಭಟ್ಟರ ಸ್ವರ ಸಣ್ಣದಾಗಿತ್ತು.

"ಇಲ್ಲ."

"ಅತ್ತಿಗೆ ದಿನಾ ನೀರು ಹಾಕ್ತಿದ್ದದ್ದು?"

ಅಮ್ಮ ಅವರಿಗೆ ಅತ್ತಿಗೆಯಾಗಬೇಕು ಅಂತ ನನಗೆ ಆಗಲೇ ಗೊತ್ತಾದದ್ದು. ನಾನು ಗುದ್ದಲಿ ತಗೊಂಡು ಬೇರೆ ಕಡೆ ಹೊಸ ಗುಂಡಿಗೆ ಗುರುತು ಹಾಕಿದೆ.

ಮೇಲಿನ ಮಣ್ಣು ಬೇಗ ಹೋಯಿತು. ಕೆಳಗೆ ಜಂಬಿಟ್ಟಿಗೆ ಕಲ್ಲು. ಹಾರೆ ಹಾಕಿದರೆ ಕೈಗೆ ವಾಪಸ್ ಬರುತ್ತಿತ್ತು. ಭಟ್ಟರ ಅಂಗೈ ಬೊಬ್ಬೆ ಎದ್ದು ಒಡೆಯಿತು, ಎಷ್ಟು ಹೇಳಿದರೂ ಬಿಡಲಿಲ್ಲ. ಊಟಕ್ಕೆ ಕರೆದರು, ಗುಂಡಿ ಮುಗಿಯುವ ತನಕ ಅವಲಕ್ಕಿ ಮಜ್ಜಿಗೆ ಸಾಕು ಅಂದೆ. ತಳದಲ್ಲಿ ತಂಪು ಮಣ್ಣು ಸಿಕ್ಕಿದ ಮೇಲೆ ಪೈಪು ಇಳಿಸಿದೆವು. ಅದರ ಮೇಲಿದ್ದ ಸೀರೆಗಳನ್ನು ಭಟ್ಟರೇ ತೆಗೆದು ಮಡಚಿ ಇಟ್ಟಿದ್ದರು. ಪೈಪಿನ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು. ಎರಡೂ ಅದೇ ಅಡಿಗೆಮನೆಯದ್ದು. ಉಪ್ಪು ತೇವ ಹಿಡಿಯುತ್ತದೆ, ಇದ್ದಿಲು ದಾರಿ ಕೊಡುತ್ತದೆ. ನೀರು ಸುರಿದು, ಪಟ್ಟಿ ಬಿಗಿದು, ಬೋರ್ಡಿನವರೆಗೆ ಎಳೆದೆ. ಮಾರನೆಯ ದಿನ ಟೂಲ್ ಬ್ಯಾಗ್ ತಂದು ಬ್ರೇಕರ್ ಕೂರಿಸಿ, ಕಿತ್ತ ಕಟೌಟುಗಳನ್ನು ವಾಪಸ್ ಹಾಕಿದೆ. ಬ್ರೇಕರಿಗೆ ಮೊದಲಿನ ಫೇಸ್ ವಯರಿಗೂ ಹೊಸ ಅರ್ತಿಂಗಿಗೂ ನಡುವೆ ಬಲ್ಬು ಹಿಡಿದು ನೋಡಿದರೆ ಪೂರ್ತಿ ಬೆಳಗಿತು. ಹಳೆಯದಕ್ಕೆ ಹಿಡಿದಾಗ ಒಳಗಿನ ತಂತಿ ಕೆಂಪು ಕೂಡ ಆಗಿರಲಿಲ್ಲ. ಗ್ರೈಂಡರಿನ ಮೋಟಾರನ್ನು ಬಾಳೆಹೊನ್ನೂರಿಗೆ ಒಯ್ದು ಒಣಗಿಸಿ, ವಾರ್ನಿಷ್ ಹಾಕಿಸಿ ತಂದೆ.

ಮದುವೆಯ ಹಿಂದಿನ ದಿನ ಆಸ್ಪತ್ರೆಯಿಂದ ಅಮ್ಮ ಬಂದರು. ಮನೆಯಲ್ಲಿ ಮಲಗಿ ಅಂದರೆ ಕೇಳಲಿಲ್ಲವಂತೆ. ಬಲಗೈ ಬೆರಳುಗಳಿಗೆ ಬ್ಯಾಂಡೇಜು, ನಡಿಗೆ ನಿಧಾನ. ನೆನೆಹಾಕಿದ ಅಕ್ಕಿ ಕಾಯುತ್ತಿತ್ತು. ಇನ್ನೂ ಯಾರೂ ಮಡಿ ಉಟ್ಟಿರಲಿಲ್ಲ, ಹಾಗಾಗಿ ನಾನೂ ಒಳಗಿದ್ದೆ. ಮೀಟರ್ ಹಿಡಿದು ಎಲ್ಲರಿಗೂ ತೋರಿಸಿದೆ: ಮಷೀನಿಗೂ ನೆಲಕ್ಕೂ ನಡುವೆ ಸೊನ್ನೆ. ಬ್ರೇಕರಿನ ಟೆಸ್ಟ್ ಬಟನ್ ಒತ್ತಿದೆ, ಟಪ್ ಅಂತ ಬಿತ್ತು. ಮ್ಯಾನೇಜರ್ ತಲೆಯಾಡಿಸಿದರು, ಭಟ್ಟರು ತಲೆಯಾಡಿಸಿದರು. ಯಾರೂ ಗ್ರೈಂಡರಿನ ಹತ್ತಿರ ಹೋಗಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತವರು ನಿಂತೇ ಇದ್ದರು.

"ಆ ಪೆಟ್ಟಿಗೆಯ ಮಾತು ನಂಗೆ ಬೇಡ. ನೀನು ಮುಟ್ಟು."

"ಆಯ್ತಮ್ಮಾ," ಅಂದೆ. ಅಂದವನು ಇನ್ನೊಂದು ಸಲ ಮೀಟರ್ ಹಿಡಿದೆ. ಸೊನ್ನೆ. ಬೋರ್ಡಿನ ಹತ್ತಿರ ಹೋಗಿ ಬಿಗಿಯಾಗಿಯೇ ಇದ್ದ ಸ್ಕ್ರೂ ಬಿಗಿ ಮಾಡಿದೆ. ಪ್ಲಗ್ಗು ತೆಗೆದು ಒರೆಸಿ ಹಾಕಿದೆ. ಆಮೇಲೆ ನನ್ನ ಬಾಯಿ ತಾನಾಗಿ ಹೇಳಿತು: "ಆ ಹಾಲಿನ ಫ್ಯಾನ್ ಒಂದು ಕಿರಕಿರ ಅಂತದಲ್ಲ, ಅದನ್ನ ಮೊದಲು ನೋಡಿಬಿಡ್ತೇನೆ."

"ಫ್ಯಾನಾ?" ಅಮ್ಮ ನನ್ನ ಮುಖವನ್ನೇ ನೋಡಿದರು. "ಫ್ಯಾನ್ ಯಾರು ಕೇಳಿದ್ರು ಮಾಣಿ?"

ಯಾರೂ ಕೇಳಿರಲಿಲ್ಲ. ಆ ಕ್ಷಣದ ಗಾಬರಿ ಏಣಿಯಿಂದ ಓಡಿ ಬಂದ ದಿನದ್ದಕ್ಕಿಂತ ಕಡಿಮೆಯದ್ದಲ್ಲ. ಮೀಟರನ್ನು ನಂಬಿ ಬೇರೆಯವರಿಗೆ ಮುಟ್ಟಿ ಅನ್ನುತ್ತಿದ್ದವನು ನಾನು. ನನ್ನ ಕೈಯೇ ಮುಂದೆ ಹೋಗುತ್ತಿರಲಿಲ್ಲ. ಹೆದರಿಕೆ ಇಷ್ಟು ನಯವಾಗಿ ಕೆಲಸದ ವೇಷ ಹಾಕಿಕೊಂಡು ಬರುತ್ತದೆ ಅಂತ ಅಷ್ಟೆಲ್ಲ ಆದ ಮೇಲೂ ನನಗೆ ಗೊತ್ತಿರಲಿಲ್ಲ.

ಚಪ್ಪಲಿ ಆಚೆ ಬಿಟ್ಟೆ. ಪ್ಯಾಂಟು ಮಡಚಿದೆ. ಕೊಡದಲ್ಲಿದ್ದ ನೀರನ್ನು ಗ್ರೈಂಡರಿನ ಬುಡಕ್ಕೂ ನನ್ನ ಕಾಲಿಗೂ ಸುರಿದುಕೊಂಡೆ. ಸ್ವಿಚ್ ಹಾಕಿದೆ. ಕಲ್ಲು ಗುರ್ ಅಂತ ತಿರುಗತೊಡಗಿತು. ಕಣ್ಣು ಮುಚ್ಚಿ ಎರಡೂ ಅಂಗೈಗಳನ್ನು ಒಟ್ಟಿಗೆ ಅದರ ಮೈಮೇಲೆ ಇಟ್ಟೆ.

ತಣ್ಣನೆಯ ಸ್ಟೀಲು. ಮೋಟಾರಿನ ನಡುಕ ಬಿಟ್ಟರೆ ಏನೂ ಇಲ್ಲ.

ಕಣ್ಣು ಬಿಟ್ಟಾಗ ಅಮ್ಮ ಪಕ್ಕದಲ್ಲಿದ್ದರು. ಬರಿಗಾಲಲ್ಲಿ, ಆ ಒದ್ದೆ ನೆಲದಲ್ಲೇ. ಬ್ಯಾಂಡೇಜಿಲ್ಲದ ಎಡಗೈಯನ್ನು ಮೊದಲು ನನ್ನ ಕೈಮೇಲೆ ಇಟ್ಟರು. ಆಮೇಲೆ ಮೆಲ್ಲನೆ ಜಾರಿಸಿ ಮಷೀನಿನ ಮೇಲೆ ಇಟ್ಟರು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇಷ್ಟೇಯಾ?" ಅಂದರು. "ಇಷ್ಟಕ್ಕಾ ನೀನು ಅಷ್ಟು ಸಲ ಬಂದದ್ದು?"

ಅವರು ತಿರುಗಿ ಭಟ್ಟರಿಗೆ, "ಅಕ್ಕಿ ತಗಂಬಾ," ಅಂದರು.